ಆಧಾರ್ ಝೆರಾಕ್ಸ್ ಯಾಕೆ ಬೇಕ್ರಿ?

ಗೋಕಾಕದ ಕೋರ್ಟಿನಲ್ಲಿ ಹೊಸದಾಗಿ ಕರಿಕೋಟು ತೊಟ್ಟವರಿಗೆ ಮೊದಲು ಸಿಗುವುದು ಬಾಂದಿನ ತಂಟೆ, ವಾಟ್ನಿ ದಾವೆ, ಚೆಕ್ ಬೌನ್ಸ್. ಮಾಹಿತಿಯ ಗೋಪ್ಯತೆ, ಸೈಬರ್ ಸುರಕ್ಷತೆ ಎಂದು ಕಂಪನಿಗಳಿಗೆ ಸಲಹೆ ಕೊಡುವ ವಕೀಲಿಕೆ ಏನಿದ್ದರೂ ಬೆಂಗಳೂರಿನದು ಎಂಬುದು ಇಲ್ಲಿಯ ನಂಬಿಕೆ. ಅದು ಇನ್ನು ಬಹಳ ದಿನ ನಡೆಯಲಿಕ್ಕಿಲ್ಲ.

ಈ ವಕೀಲಿಕೆಯ ಹಿಂದಿರುವ ಕಾಯ್ದೆಯ ಕಥೆಗೂ ಬೆಳಗಾವಿಯ ನಂಟಿದೆ. ಅಲ್ಲಿಯ ಹಳೆಯ ಲಾ ಕಾಲೇಜಿಗೆ ರಾಜಾ ಲಖಮಗೌಡರ ಹೆಸರು. ಆ ಕಾಲೇಜಿನಲ್ಲಿ ಓದಿದ ಕೆ.ಕೆ. ವೇಣುಗೋಪಾಲ್ 2017ರಲ್ಲಿ ಅಟಾರ್ನಿ ಜನರಲ್ ಆಗಿ, ಖಾಸಗಿತನವನ್ನು ಸಾರಾಸಗಟಾಗಿ ಮೂಲಭೂತ ಹಕ್ಕೆಂದು ಒಪ್ಪಲಾಗದು ಎಂದು ಸುಪ್ರೀಂ ಕೋರ್ಟಿನಲ್ಲಿ ವಾದಿಸಿದರು. ಎದುರಿನ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಯೋಜನೆಗೆ ಶಾಸನದ ಬಲವೇ ಇಲ್ಲವೆಂದು 2012ರಲ್ಲಿ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ! 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕೆಂದರು. ಆ ತೀರ್ಪಿನ ಜಾಡಿನಲ್ಲೇ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು. ಮುಖ್ಯ ಕಟ್ಟಳೆಗಳ ಪಾಲನೆಗೆ ಕೊಟ್ಟಿರುವುದು 18 ತಿಂಗಳು.

ಈ ಕಾಯ್ದೆ ದೊಡ್ಡ ಐಟಿ ಕಂಪನಿಗಳಿಗಷ್ಟೇ ಅಲ್ಲ. ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಇಂದಿಗೂ ಮನೆಮನೆಗೆ ಕರೆಂಟು ಕೊಡುತ್ತಿದೆ. ಗ್ರಾಹಕರ ಹೆಸರು, ಮೊಬೈಲ್ ನಂಬರು, ಬಿಲ್ಲಿನ ಲೆಕ್ಕವಿಲ್ಲದೆ ಆ ಕೆಲಸ ನಡೆಯುವುದಿಲ್ಲ. ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಯಂಥಲ್ಲಿ ಕಬ್ಬು ಕಳಿಸುವ ರೈತನ ಖಾತೆಯ ವಿವರ ಬೇಕೇ ಬೇಕು. ಮೂಡಲಗಿಯಲ್ಲೂ ಗೋಕಾಕದಲ್ಲೂ ಪತ್ತಿನ ಸಂಘಗಳಿಗೇನು ಬರವೇ? ಒಳಗೆ ಹೋದವರ ಕಿವಿಗೆ ಮೊದಲು ಬೀಳುವ ಮಾತು, ‘ಎರಡು ಫೋಟೋ, ಆಧಾರ್ ಝೆರಾಕ್ಸ್, ಪ್ಯಾನ್ ಝೆರಾಕ್ಸ್, ಎಲ್ಲದಕ್ಕೂ ಸಹಿ ಮಾಡ್ರಿ’.

ಮಾಹಿತಿ ಗೋಪ್ಯತೆಯ ವಕೀಲರ ಕಸುಬು ಶುರುವಾಗುವುದು ಆ ಕೌಂಟರಿನಲ್ಲೇ. ಇದನ್ನು ಯಾಕೆ ಕೇಳುತ್ತೀರಿ, ಯಾರ ಕಂಪ್ಯೂಟರಿನಲ್ಲಿ ಇಡುತ್ತೀರಿ, ಸಾಲ ತೀರಿದ ಮೇಲೆ ಯಾವಾಗ ಅಳಿಸುತ್ತೀರಿ? ಕಪಾಟಿನ ಝೆರಾಕ್ಸ್ ಕಟ್ಟು ಹಾಗೇ ಇದ್ದರೆ ಕಾಯ್ದೆ ಅದರ ಗೊಡವೆಗೆ ಬರುವುದಿಲ್ಲ. ಸ್ಕ್ಯಾನ್ ಮಾಡಿ ಏರಿಸಿದಿರೋ, ಬಂತು. ಸುಸ್ತಿದಾರರ ಪಟ್ಟಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಉಮೇದು ಇದ್ದವರಿಗಂತೂ ಈ ವಕೀಲರು ಮುಂಚೆಯೇ ಸಿಗಬೇಕು.

ದತ್ತಾಂಶ ಕಳ್ಳತನವಾದ ಮೇಲೆ ನಡೆಯುವುದು ಬೇರೆಯೇ ಓಟ. ಸರ್ವರಿಗೆ ಕನ್ನ ಬಿದ್ದದ್ದು ಗೊತ್ತಾದ ಆರು ತಾಸಿನೊಳಗೆ ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರದ ಸರ್ಟ್-ಇನ್ ಸಂಸ್ಥೆಗೆ ವರದಿ ಹೋಗಬೇಕೆಂಬುದು 2022ರ ಏಪ್ರಿಲ್‌ನ ಆದೇಶ. ಹೊಸ ನಿಯಮದಂತೆ ಕಾಯ್ದೆಯಡಿಯ ದತ್ತಾಂಶ ಸಂರಕ್ಷಣಾ ಮಂಡಳಿಗೆ 72 ತಾಸಿನಲ್ಲಿ ಪೂರ್ತಿ ವಿವರ, ಬಾಧಿತರಿಗೆ ತಡಮಾಡದೆ ಸುದ್ದಿ. ಭದ್ರತೆಯಲ್ಲಿ ಅಸಡ್ಡೆ ತೋರಿದರೆ ದಂಡ 250 ಕೋಟಿ ರೂಪಾಯಿವರೆಗೆ. ತಾಂತ್ರಿಕ ಸಿಬ್ಬಂದಿ ‘ಸರ್ವರ್ ಡೌನ್’ ಎಂದಷ್ಟೇ ಹೇಳಿ ಕೂತರೆ, ಯಾವ ಫೈಲು ಹೋಯಿತು, ಯಾರದು ಹೋಯಿತು ಎಂದು ಬಿಡಿಸಿ ಬರೆಸುವವರು ವಕೀಲರು. ಹಾಗಾಗಿ ಲಾಗ್ ಎಂದರೇನು, ಬ್ಯಾಕಪ್ ಎಲ್ಲಿದೆ ಎಂಬುದು ಅವರಿಗೂ ತಿಳಿದಿರಬೇಕು.

ಒಂದು ವಿಷಯದಲ್ಲಿ ಮಾತ್ರ ಗೋಕಾಕದ ವಕೀಲರು ಬೆಂಗಳೂರಿನವರಿಗಿಂತ ಮುಂದಿದ್ದಾರೆ ಎನ್ನುತ್ತೇನೆ. ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ ಓದುವ ಆಯ್ಕೆ ಜನರಿಗಿರಬೇಕು ಎನ್ನುತ್ತದೆ ಕಾಯ್ದೆ. ಹಾಗೆಂದು ಸರ್ಕಾರಿ ಸುತ್ತೋಲೆಯ ಕನ್ನಡ ಬರೆದರೆ ಯಾರು ಓದಿಯಾರು? ಅಂಗಡಿ ಲೆಕ್ಕದಷ್ಟು ಸರಳವಾಗಿ, ‘ನಿಮ್ಮ ನಂಬರನ್ನು ಬಿಲ್ ಕಳಿಸಲಿಕ್ಕೆ ಮಾತ್ರ ಬಳಸುತ್ತೇವೆ, ಬೇಡವೆಂದರೆ ಇಲ್ಲಿ ತಿಳಿಸಿ’ ಎಂದು ಬರೆಯುವ ಕೈ ಬೇಕು, ಅದು ಇಲ್ಲಿಯವರಿಗಿದೆ. ಸಂಘದ ಆಡಳಿತ ಮಂಡಳಿ ಎರಡು ಪುಟದ ಆ ನೋಟಿಸಿಗೆ ಇಷ್ಟು ಫೀಯೇ ಎಂದು ಹುಬ್ಬೇರಿಸುವುದು ಖಂಡಿತ. ಕೇಸು ಬಿದ್ದ ಮೇಲೆ ಫೀ ಕೊಟ್ಟು ರೂಢಿಯಾದವರಿಗೆ ಕೇಸು ಬೀಳದಂತೆ ನೋಡಿಕೊಳ್ಳುವವರ ಬಿಲ್ಲು ಯಾವಾಗಲೂ ಹೆಚ್ಚಾಗಿಯೇ ಕಾಣುತ್ತದೆ.