03233: ನಮ್ಮ ಕಡಲು ದಾಟಿ ಹೋದ ಆಮೆ

ಒಡಿಶಾದ ಗಹಿರಮಾಥಾ ದಂಡೆಗೆ 2021ರ ಮಾರ್ಚ್‌ನಲ್ಲಿ ಮೊಟ್ಟೆಯಿಡಲು ಬಂದ ಹೆಣ್ಣು ಕಡಲಾಮೆಯೊಂದರ ಮುಂಗಾಲಿಗೆ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ವಿಜ್ಞಾನಿಗಳು ಲೋಹದ ಬಿಲ್ಲೆ ಹಾಕಿದರು. ಈಗ ನಮ್ಮ ಹಳ್ಳಿಗಳ ದನಗಳ ಕಿವಿಗೆ ನಂಬರಿನ ಬಿಲ್ಲೆ ಹಾಕುತ್ತಾರಲ್ಲ, ಹಾಗೆ. ಇದರ ನಂಬರು 03233. 2025ರ ಜನವರಿಯಲ್ಲಿ ಅದೇ ನಂಬರಿನ ಆಮೆ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಗುಹಾಗರದಲ್ಲಿ ದಂಡೆ ಹತ್ತಿ ಮೊಟ್ಟೆಯಿಟ್ಟಿತು. ಎರಡೂ ದಂಡೆಗಳ ನಡುವೆ ಸಮುದ್ರದ ದಾರಿ ಸುಮಾರು 3,500 ಕಿಲೋಮೀಟರ್.

ನಾನು ಧಾರವಾಡದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವನು. ಈ ಸುದ್ದಿ ಓದಿ ಹೇಳಿದಾಗ ಕುಂದಗೋಳದ ಕಡೆಯ ಹುಡುಗಿಯೊಬ್ಬಳು ಎದ್ದುನಿಂತು, “ಸರ್ರ, ನಡುವಿನ ನಾಕ ವರ್ಷ ಅದು ಎಲ್ಲಿತ್ತರಿ?” ಎಂದು ಕೇಳಿದಳು. ಕಡಲಾಮೆಗಳ ವಲಸೆಯ ಅಧ್ಯಯನವೆಲ್ಲ ನಿಂತಿರುವುದು ಇದೇ ಪ್ರಶ್ನೆಯ ಮೇಲೆ.

ಬಿಲ್ಲೆ ಹೇಳುವುದು ಎರಡೇ ಬಿಂದು: ಹಾಕಿದ ಜಾಗ, ಮತ್ತೆ ಸಿಕ್ಕ ಜಾಗ. ಅಮೆರಿಕದ ಆರ್ಚೀ ಕಾರ್ 1950ರ ದಶಕದಲ್ಲಿ ಕೋಸ್ಟರಿಕಾದ ಟೋರ್ಟುಗೇರೋ ದಂಡೆಯಲ್ಲಿ ಆಮೆಗಳಿಗೆ ಬಿಲ್ಲೆ ಹಾಕತೊಡಗಿದಾಗಲೂ ಕೈಗೆ ಸಿಕ್ಕಿದ್ದು ಇಂಥ ಬಿಂದುಗಳೇ. ದೂರದ ಬೆಸ್ತರು ಬಿಲ್ಲೆಯನ್ನು ಅಂಚೆಯಲ್ಲಿ ವಾಪಸು ಕಳಿಸಿದ್ದರಿಂದ ಆಮೆಗಳು ಮೇಯಲು ಎಲ್ಲಿಗೆ ಹೋಗುತ್ತವೆಂಬುದು ತಿಳಿಯಿತು. ಆದರೆ ಬಿಂದುಗಳ ನಡುವಿನ ಗೆರೆ ಬೇಕಾದರೆ ಉಪಗ್ರಹವೇ ಬೇಕು.

ಮೊಟ್ಟೆಯಿಟ್ಟು ಮರಳುವ ಆಮೆಯ ಚಿಪ್ಪನ್ನು ಸ್ವಚ್ಛ ಮಾಡಿ, ಗಟ್ಟಿ ಅಂಟಿನಿಂದ ಒಂದು ಪ್ರಸಾರಕವನ್ನು ಅಂಟಿಸುತ್ತಾರೆ. ನೀರೊಳಗೆ ಇದು ಸುಮ್ಮನಿರುತ್ತದೆ, ಏಕೆಂದರೆ ರೇಡಿಯೋ ತರಂಗ ಉಪ್ಪುನೀರನ್ನು ದಾಟಲಾರದು. ಆಮೆಗಿರುವುದು ಶ್ವಾಸಕೋಶ, ಉಸಿರಿಗಾಗಿ ಅದು ಮೇಲೆ ಬರಲೇಬೇಕು. ಬಂದ ಕೂಡಲೇ ಪ್ರಸಾರಕ ಎಚ್ಚೆತ್ತು ಸಂಕೇತ ಕಳಿಸುತ್ತದೆ. ಉಪಗ್ರಹ ಹತ್ತಿರವಾಗುವಾಗ ಸಂಕೇತದ ಆವರ್ತನ ಏರಿದಂತೆ, ದೂರ ಸರಿಯುವಾಗ ಇಳಿದಂತೆ ಕಾಣುತ್ತದೆ. ಆ ಏರಿಳಿತದಿಂದಲೇ ಆಮೆ ಇರುವ ಜಾಗವನ್ನು ಲೆಕ್ಕ ಹಾಕುತ್ತಾರೆ.

ಪಶ್ಚಿಮ ಕರಾವಳಿಯಲ್ಲಿ ಈ ಕೆಲಸ ಆರಂಭವಾದದ್ದು 2022ರ ಜನವರಿಯಲ್ಲಿ, ರತ್ನಾಗಿರಿ ಜಿಲ್ಲೆಯ ವೇಳಾಸ್‌ನಲ್ಲಿ. ಭಾರತೀಯ ವನ್ಯಜೀವಿ ಸಂಸ್ಥೆ ಮತ್ತು ಮಹಾರಾಷ್ಟ್ರದ ಮ್ಯಾಂಗ್ರೋವ್ ಫೌಂಡೇಶನ್ ಸೇರಿ ಪ್ರಸಾರಕ ಕಟ್ಟಿದ ಮೊದಲ ಆಲಿವ್ ರಿಡ್ಲೆ ಆಮೆಗೆ ‘ಪ್ರಥಮಾ’ ಎಂದೇ ಹೆಸರಿಟ್ಟರು. ಅದು ಉತ್ತರಕ್ಕೆ, ಗುಜರಾತಿನ ಕಡೆ ಈಜಿತು. ಮರುವರ್ಷ ಗುಹಾಗರದಿಂದ ಬಿಟ್ಟ ‘ಬಾಗೇಶ್ರೀ’ ಹಿಡಿದದ್ದು ದಕ್ಷಿಣದ ದಾರಿ. ನಮ್ಮ ಉತ್ತರ ಕನ್ನಡ, ಉಡುಪಿ, ಮಂಗಳೂರುಗಳನ್ನು ಎಡಕ್ಕೆ ಬಿಟ್ಟು, ಕೇರಳ ದಾಟಿ, ಶ್ರೀಲಂಕಾವನ್ನು ಬಳಸಿ ಬಂಗಾಳ ಕೊಲ್ಲಿ ಸೇರಿತು. ಒಂದೇ ಜಿಲ್ಲೆಯ ದಂಡೆ ಹತ್ತುವ ಆಮೆಗಳು ಮೇವಿಗೆ ಒಂದೇ ಕಡೆ ಹೋಗುತ್ತವೆ ಎನ್ನುವಂತಿಲ್ಲ ಎಂಬುದು ಆಗ ಕಣ್ಣಿಗೆ ಕಂಡ ಸತ್ಯ. ಪೂರ್ವದ ಆಮೆ, ಪಶ್ಚಿಮದ ಆಮೆ ಎಂದು ನಾವು ಎಳೆದಿದ್ದ ಗೆರೆಯನ್ನಂತೂ 03233 ಅಳಿಸಿಹಾಕಿದೆ. ಹುಟ್ಟಿದ ಸೀಮೆಯ ದಂಡೆಗೇ ಮರಳುತ್ತವೆ ಎಂದು ಪಾಠ ಮಾಡುವ ನಾನು ಈಗ ‘ಸಾಮಾನ್ಯವಾಗಿ’ ಎಂಬ ಮಾತನ್ನು ಒತ್ತಿ ಹೇಳುತ್ತೇನೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಶಂಕರ್ ಮತ್ತು ತಂಡ ಲಿಟಲ್ ಅಂಡಮಾನಿನ ಲೆದರ್‌ಬ್ಯಾಕ್ ಆಮೆಗಳನ್ನು ಹಿಂಬಾಲಿಸಿದಾಗ ಕಂಡದ್ದು ಇನ್ನೂ ದೊಡ್ಡದು: ಕೆಲವು ಆಸ್ಟ್ರೇಲಿಯಾದ ಪಶ್ಚಿಮ ಕರಾವಳಿಯತ್ತ, ಕೆಲವು ಆಫ್ರಿಕಾದ ಮೊಜಾಂಬಿಕ್ ಕಡೆಗೆ ಹೋದವು.

ಆದರೂ ನಮಗೆ ಗೊತ್ತಾದದ್ದೆಲ್ಲ ಹೆಚ್ಚಾಗಿ ಹೆಣ್ಣಾಮೆಗಳ ಕಥೆ. ದಂಡೆಗೆ ಬರುವುದು ಅವೇ, ಕೈಗೆ ಸಿಗುವುದೂ ಅವೇ. ಗಂಡು ಒಮ್ಮೆ ನೀರಿಗಿಳಿದರೆ ಸಾಮಾನ್ಯವಾಗಿ ಮತ್ತೆ ಮರಳು ಮುಟ್ಟುವುದಿಲ್ಲ. ಅಂಗೈಯಲ್ಲಿ ಕೂರುವ ಮರಿಗೆ ಈ ಪ್ರಸಾರಕವನ್ನು ಹೊರುವ ಶಕ್ತಿಯಿಲ್ಲ.

ನಮ್ಮ ಊರಿಗೆ ಕಡಲಿಲ್ಲ ನಿಜ. ಆದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗ ಇರುವುದು ಕಾರವಾರದ ಕೋಡಿಬಾಗದಲ್ಲಿ. ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದರೆ ಕಡಲು. ಮಕ್ಕಳನ್ನು ಹೊನ್ನಾವರದ ಕಾಸರಕೋಡು ಟೊಂಕಕ್ಕೆ ಕರೆದೊಯ್ದಾಗ ಮರಳಿನಲ್ಲಿ ಬಲೆಯ ಬೇಲಿ ಹಾಕಿ ಕಾಪಾಡಿದ ಗೂಡು ತೋರಿಸುತ್ತೇನೆ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ, ಮರಿಯಾಗಲು ಏಳೆಂಟು ವಾರ. ಮರಳು ಹೆಚ್ಚು ಬಿಸಿಯಾದರೆ ಹೆಣ್ಣು, ತಂಪಾದರೆ ಗಂಡು. ಬೇಲಿಗೆ ಕಾವಲು ನಿಲ್ಲುವವರಲ್ಲಿ ಅರಣ್ಯ ಸಿಬ್ಬಂದಿಯ ಜೊತೆ ಅಲ್ಲಿಯ ಮೀನುಗಾರರೂ ಇದ್ದಾರೆ. ಅವರ ಮೇಲೆ ನನಗೆ ಅಪಾರ ಗೌರವ.

ಆದರೆ ಬೇಲಿ ಮರಳಿಗೆ ಮಾತ್ರ. ಉಸಿರಾಟಕ್ಕೆ ಮೇಲೆ ಬರಬೇಕಾದ ಪ್ರಾಣಿ ಟ್ರಾಲರ್ ಬಲೆಯಲ್ಲಿ ಸಿಕ್ಕಿ ಮೇಲೇಳಲಾಗದೆ ಹೋದರೆ ಮುಳುಗಿ ಸಾಯುತ್ತದೆ. ಗಹಿರಮಾಥಾದಲ್ಲಿ ಎಷ್ಟೇ ಕಾವಲಿದ್ದರೂ ಗುಹಾಗರ ತಲುಪಲು ಆ ಆಮೆ ನಮ್ಮ ಕರಾವಳಿಯ ಹೊರಗಿನ ಕಡಲನ್ನು ದಾಟಲೇಬೇಕಿತ್ತು, ಬೇರೆ ದಾರಿಯಿಲ್ಲ. ಅದು ಬದುಕಿ ದಾಟಿತು. ಆಮೆ ಹೊರಬೀಳಲು ಕಿಂಡಿಯಿರುವ ಸಾಧನವನ್ನು ಟ್ರಾಲ್ ಬಲೆಗೆ ಅಳವಡಿಸುವುದನ್ನು ಕರ್ನಾಟಕ ಗಂಭೀರವಾಗಿ ತೆಗೆದುಕೊಳ್ಳಬೇಕು, ಅದರ ಖರ್ಚಿನಲ್ಲಿ ಸರ್ಕಾರ ಮೀನುಗಾರರಿಗೆ ಹೆಗಲು ಕೊಡಬೇಕು.

ಚಳಿಗಾಲದಲ್ಲಿ ಗೋಕರ್ಣ, ಕಾರವಾರ, ಮುರ್ಡೇಶ್ವರಕ್ಕೆ ಹುಬ್ಬಳ್ಳಿ-ಧಾರವಾಡದಿಂದ ಹೋಗುವ ಸಾವಿರಾರು ಜನರಲ್ಲಿ ನೀವೂ ಒಬ್ಬರಾಗಿರಬಹುದು. ದಂಡೆಯಲ್ಲಿ ಆಮೆ ಕಂಡರೆ ಮೊಬೈಲಿನ ಬೆಳಕು ಹಾಯಿಸಬೇಡಿ, ಹತ್ತಿರ ಮುತ್ತಬೇಡಿ. ಅದು ಮೊಟ್ಟೆಯಿಟ್ಟು ಕಡಲಿಗೆ ಮರಳುವಾಗ ಮುಂಗಾಲಿನ ಬಿಲ್ಲೆ ದೂರದಿಂದಲೇ ಕಂಡರೆ ನಂಬರು ಬರೆದುಕೊಳ್ಳಿ. ಸತ್ತ ಆಮೆಯಾದರೂ ಸರಿ, ನಂಬರು ನೋಡಿ. ದಿನ, ಜಾಗ ಬರೆದು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ.