ನಕ್ಷತ್ರಲೋಕದ ಅಂತರಜಾಲ ಆಕರಗಳು: ಕಾಲನಿರ್ಣಯದ ಅಗತ್ಯ

ಕಾರ್ತಿಕ ಮಾಸದ ಕೃಷ್ಣಪಕ್ಷದಲ್ಲಿ, ಕೊಡ್ಲಿಪೇಟೆಯ ದೀಪಗಳಿಂದ ದೂರ ನಿಂತು ನೋಡಿದರೆ, ದೇವಯಾನಿ ಗೆಲಕ್ಸಿಯು ಬರಿಗಣ್ಣಿಗೇ ಮಸುಕಾದ ಮಚ್ಚೆಯಂತೆ ತೋರುತ್ತದೆ. ಅದರ ದೂರವೆಷ್ಟೆಂದು ಅರಿಯಬಯಸುವ ವಿದ್ಯಾರ್ಥಿಗೆ ಅಂತರಜಾಲದಲ್ಲಿ ದೊರೆಯುವ ಉತ್ತರಗಳು ಒಂದೇ ಕಾಲದವಲ್ಲ. 1925ರಲ್ಲಿ ಹಬಲ್ ಅದನ್ನು ಸುಮಾರು 9 ಲಕ್ಷ ಜ್ಯೋತಿರ್ವರ್ಷಗಳೆಂದು ಗಣಿಸಿದರು. ಸೆಫೀಡ್ ತಾರೆಗಳಲ್ಲಿ ಎರಡು ವರ್ಗಗಳುಂಟೆಂಬುದನ್ನು ಬಾಡೆ 1952ರಲ್ಲಿ ಪ್ರಕಟಪಡಿಸಿದ ಮೇಲೆ ಅದು ಸುಮಾರು ಇಮ್ಮಡಿಯಾಯಿತು. ಇಂದಿನ ಅಂಕಿ ಸುಮಾರು 25 ಲಕ್ಷ.

ಕನ್ನಡದಲ್ಲಿ ಮೊದಲು ನೋಡತಕ್ಕವು ವಿಕಿಸೋರ್ಸ್‌ನಲ್ಲಿರುವ ಮೈಸೂರು ವಿಶ್ವವಿದ್ಯಾನಿಲಯದ ವಿಶ್ವಕೋಶ ಲೇಖನಗಳು. ಮಡಿಕೇರಿಯಲ್ಲಿ ಜನಿಸಿದ ಜಿ. ಟಿ. ನಾರಾಯಣರಾಯರು (1926–2008) ವಿಶ್ವಕೋಶದ ವಿಜ್ಞಾನವಿಭಾಗದ ಸಂಪಾದಕರಾಗಿದ್ದರು. ಪರಿಭಾಷೆಗೂ ವಿವರಣೆಗೂ ಆ ಲೇಖನಗಳು ಇಂದಿಗೂ ಉಪಯುಕ್ತ. ಅಂಕಿಗಳ ವಿಷಯದಲ್ಲಾದರೋ, ಮೊದಲ ಸಂಪುಟವು ಹೊರಬಂದುದು 1969ರಲ್ಲೆಂಬುದನ್ನು ಮರೆಯಲಾಗದು.

ಅಂಕಿಗಳನ್ನು ಪರಿಶೀಲಿಸಲು ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿರುವ ‘ನೆಡ್’ ಎಂಬ ಗೆಲಕ್ಸಿ ದತ್ತಕೋಶವುಂಟು. ಅದು ಒಂದೊಂದು ದೂರದೊಡನೆ ಆಧಾರಪ್ರಬಂಧವನ್ನೂ ಸೂಚಿಸುತ್ತದೆ. ಶಾಸನವೊಂದನ್ನು ಪ್ರಮಾಣವಾಗಿ ಸ್ವೀಕರಿಸುವ ಮುನ್ನ ನಾವು ಅದರ ಕಾಲವನ್ನು ನಿರ್ಣಯಿಸುತ್ತೇವೆ. ಆಕಾಶದ ಅಂಕಿಗಳಿಗೂ ಅದೇ ಕ್ರಮವು ಸಲ್ಲತಕ್ಕದ್ದು. ವರ್ಷವನ್ನು ಕಾಣಿಸದ ಅಂಕಿಯನ್ನು ಅಧ್ಯಾಪಕರು ವಿದ್ಯಾರ್ಥಿಗಳ ಬರೆಹದಲ್ಲಿ ಒಪ್ಪಬಾರದೆಂಬುದು ನಮ್ಮ ಅಭಿಪ್ರಾಯ.