ಗೃಹೋಪಯೋಗಿ ವಸ್ತುಗಳೂ ಜನತೆಯ ವಿಶ್ವಾಸವೂ: ಗೋದ್ರೆಜ್ ಸಂಸ್ಥೆಯ ಒಂದು ಸಮೀಕ್ಷೆ

ಕನ್ನಡ ನಾಡಿನ ಅನೇಕ ಮನೆಗಳಲ್ಲಿ ಉಕ್ಕಿನ ತಗಡಿನ ಬೀರುವನ್ನು, ಅದು ಯಾವ ಕಾರ್ಖಾನೆಯಲ್ಲಿ ತಯಾರಾದುದಾಗಿರಲಿ, ‘ಗೋದ್ರೆಜ್ ಬೀರು’ ಎಂದೇ ಕರೆಯುವ ವಾಡಿಕೆ ಬಹುಕಾಲದಿಂದ ನಡೆದುಬಂದಿದೆ. ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ, ಅಂಕಿತನಾಮವೊಂದು ಇಲ್ಲಿ ರೂಢನಾಮವಾಗಿ ಪರಿಣಮಿಸಿದೆ. ಮದುವೆಯ ಸೀರೆ, ಒಡವೆ, ಮನೆಯ ಕ್ರಯಪತ್ರ ಇವುಗಳನ್ನು ಕಾಪಾಡುವ ವಸ್ತುವಿನ ವಿಷಯದಲ್ಲಿಯೇ ಈ ಮಾರ್ಪಾಡು ನಡೆದಿರುವುದು ಗಮನಾರ್ಹವಾದ ಸಂಗತಿ. ಜನರು ಆ ಹೆಸರಿನೊಡನೆ ಕೊಂಡುಕೊಂಡದ್ದು ಉಕ್ಕನ್ನಷ್ಟೇ ಅಲ್ಲ, ಒಂದು ಬಗೆಯ ನಂಬಿಕೆಯನ್ನು. ಆ ನಂಬಿಕೆ ಹೇಗೆ ಬೆಳೆಯಿತು, ಅದಕ್ಕೆ ಯಾವ ಆಧಾರಗಳಿದ್ದುವು ಎಂಬುದನ್ನು ಸಂಕ್ಷೇಪವಾಗಿ ವಿವೇಚಿಸುವುದು ಈ ಲೇಖನದ ಉದ್ದೇಶ.

ಮನೆಬಳಕೆಯ ವಸ್ತುಗಳಲ್ಲಿ ಎರಡು ಬಗೆಯುಂಟು. ಕೊಳ್ಳುವಾಗಲೇ ಗುಣವನ್ನು ಪರೀಕ್ಷಿಸಬಹುದಾದುವು ಕೆಲವು. ತೆಂಗಿನಕಾಯಿಯನ್ನು ಅಲುಗಿಸಿ ನೋಡಿ, ಮಡಕೆಯನ್ನು ತಟ್ಟಿ ನೋಡಿ ತರಬಹುದು. ಬೀಗದ ಗುಣವಾದರೋ ಕಳ್ಳನು ಬಂದ ರಾತ್ರಿ ತಿಳಿಯಬೇಕು. ತಿಜೋರಿಯ ಗುಣ ಬೆಂಕಿ ಬಿದ್ದ ದಿನ ತಿಳಿಯಬೇಕು. ಸಾಬೂನಿಗೆ ಯಾವ ಕೊಬ್ಬನ್ನು ಬಳಸಿದ್ದಾರೆ ಎಂಬುದು ಬಿಲ್ಲೆ ಸವೆದು ಮುಗಿದ ಮೇಲೂ ತಿಳಿಯದು. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಕಳಪೆ ಸರಕು ಒಳ್ಳೆಯ ಸರಕನ್ನು ಪೇಟೆಯಿಂದ ಹೊರದೂಡಬಹುದೆಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿದರು. ಖಾತರಿ ಪತ್ರ, ಹೆಸರಾಂತ ಮುದ್ರೆ ಮೊದಲಾದುವು ಈ ಅನಿಷ್ಟಕ್ಕೆ ಪ್ರತಿಯಾಗಿ ಸಮಾಜವು ಕಂಡುಕೊಂಡ ಉಪಾಯಗಳೆಂದೂ ಅವರು ಹೇಳಿದರು. ಪರಾಧೀನ ದೇಶದ ತಯಾರಕನಿಗೆ ಇನ್ನೊಂದು ಕಷ್ಟವೂ ಇತ್ತು. ಅವನ ನಾಡಿನ ಹೆಸರೇ ಆಗ ಕಳಪೆಯ ಗುರುತೆಂದು ಎಣಿಸಲ್ಪಡುತ್ತಿತ್ತು.

ಸಂಸ್ಥಾಪಕರಾದ ಅರ್ದೇಶಿರ್ ಗೋದ್ರೆಜ್ (1868–1936) ಮುಂಬಯಿಯ ಪಾರಸಿ ಮನೆತನದವರು. ವಕೀಲಿ ವೃತ್ತಿಗಾಗಿ ಪೂರ್ವ ಆಫ್ರಿಕದ ಜಾಂಜಿಬಾರಿಗೆ ಹೋಗಿದ್ದ ಅವರು, ಕಕ್ಷಿಗಾರನ ಪರವಾಗಿ ಸತ್ಯಕ್ಕೆ ದೂರವಾದುದನ್ನು ವಾದಿಸಲು ಒಪ್ಪದೆ ಆ ವೃತ್ತಿಯನ್ನೇ ತ್ಯಜಿಸಿ ಹಿಂದಿರುಗಿದರು. ತರುವಾಯ ಮೇರ್ವಾನ್‌ಜಿ ಕಾಮಾ ಎಂಬ ಹಿರಿಯರಿಂದ 3,000 ರೂಪಾಯಿ ಸಾಲ ಪಡೆದು ಶಸ್ತ್ರವೈದ್ಯದ ಉಪಕರಣಗಳ ತಯಾರಿಕೆಗೆ ತೊಡಗಿದರು. ಉಪಕರಣಗಳು ಚೆನ್ನಾಗಿಯೇ ಇದ್ದುವು. ಆದರೆ ಅವು ಭಾರತದಲ್ಲಿ ತಯಾರಾದುವೆಂಬ ಮುದ್ರೆಯೊಡನೆ ಅವನ್ನು ಮಾರಲು ಆಂಗ್ಲ ವ್ಯಾಪಾರಿ ಸಮ್ಮತಿಸಲಿಲ್ಲ. ಮುದ್ರೆಯನ್ನು ಬಿಟ್ಟುಕೊಡಲು ಅರ್ದೇಶಿರರೂ ಒಪ್ಪಲಿಲ್ಲ. ಉದ್ಯಮ ಅಲ್ಲಿಗೇ ಮುಗಿಯಿತು. ಈ ಸೋಲಿನಲ್ಲಿ ಸಂಸ್ಥೆಯ ಮುಂದಿನ ಚರಿತ್ರೆಯ ಬೀಜವಿದೆ. ಸ್ವದೇಶದ ಹೆಸರನ್ನು ಮರೆಮಾಚಿ ಬದುಕುವುದು ಬೇಡವೆಂದಾದರೆ, ಆ ಹೆಸರಿಗೆ ಅಂಟಿದ ಸಂಶಯವನ್ನು ಸರಕಿನ ಗುಣದಿಂದಲೇ ತೊಡೆದುಹಾಕಬೇಕಾಗಿತ್ತು.

1897ರ ಮೇ ತಿಂಗಳಲ್ಲಿ ಮುಂಬಯಿಯ ಲಾಲ್‌ಬಾಗಿನ ಸಣ್ಣದೊಂದು ಷೆಡ್ಡಿನಲ್ಲಿ, ಕೆಲವೇ ಮಂದಿ ಕುಶಲಕರ್ಮಿಗಳೊಡನೆ, ಬೀಗಗಳ ತಯಾರಿಕೆ ಆರಂಭವಾಯಿತು. ಕಾಮಾ ಅವರ ಬಂಧುವಾದ ಬಾಯ್ಸ್ ಎಂಬುವರು ಕೆಲಕಾಲ ಪಾಲುದಾರರಾಗಿದ್ದರು. ಅವರು ಬಿಟ್ಟುಹೋದ ಮೇಲೂ ‘ಗೋದ್ರೆಜ್ ಮತ್ತು ಬಾಯ್ಸ್’ ಎಂಬ ಹೆಸರು ಉಳಿದುಕೊಂಡಿತು. ಲಿವರ್ ಬೀಗದ ತತ್ತ್ವ ಸರಳವಾದುದು. ಬೀಗದೊಳಗೆ ಲಿವರ್ ಎಂದು ಕರೆಯುವ ಹಲವು ತೆಳು ಪಟ್ಟಿಗಳಿರುತ್ತವೆ. ಬೀಗದಕೈಯ ಒಂದೊಂದು ಹಲ್ಲೂ ಒಂದೊಂದು ಪಟ್ಟಿಯನ್ನು ನಿಗದಿಯಾದ ಎತ್ತರಕ್ಕೆ, ಅದಕ್ಕಿಂತ ಹೆಚ್ಚೂ ಇಲ್ಲದಂತೆ ಕಡಮೆಯೂ ಇಲ್ಲದಂತೆ, ಎತ್ತಬೇಕು. ಎಲ್ಲ ಪಟ್ಟಿಗಳ ಕಿಂಡಿಗಳೂ ಒಂದೇ ಸಾಲಿಗೆ ಬಂದಾಗ ಮಾತ್ರ ಅಗುಳಿ ಸರಿಯುತ್ತದೆ. ಪಟ್ಟಿಗಳನ್ನು ಅದುಮಿ ಹಿಡಿಯುವ ಸ್ಪ್ರಿಂಗುಗಳು ತುಕ್ಕುಹಿಡಿದು ಮುರಿಯುವುದು ಇಂಥ ಬೀಗಗಳ ಸಾಮಾನ್ಯ ದೋಷ. ಸ್ಪ್ರಿಂಗಿಲ್ಲದ ಬೀಗವೊಂದನ್ನು ರೂಪಿಸಿ ಅರ್ದೇಶಿರರು ಆ ದೋಷವನ್ನು ನಿವಾರಿಸಿದರು.

ಬೀಗದ ಬೆನ್ನಲ್ಲೇ ತಿಜೋರಿ ಬಂದಿತು. ಇಲ್ಲಿ ಎದುರಿಸಬೇಕಾದ ಶತ್ರುಗಳು ಇಬ್ಬರು, ಕಳ್ಳ ಮತ್ತು ಬೆಂಕಿ. ಉಕ್ಕು ಕಳ್ಳನನ್ನು ತಡೆಯುತ್ತದೆ. ಆದರೆ ಉಷ್ಣವನ್ನು ಸುಲಭವಾಗಿ ಒಳಕ್ಕೆ ಸಾಗಿಸುತ್ತದೆ. ಆದುದರಿಂದ ಎರಡು ಗೋಡೆಗಳ ನಡುವೆ ಉಷ್ಣನಿರೋಧಕ ದ್ರವ್ಯವನ್ನು ತುಂಬಬೇಕಾಗುತ್ತದೆ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯ ಡಾಕಿನಲ್ಲಿ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗು ಸಿಡಿದು ಸುತ್ತಣ ಪ್ರದೇಶವೆಲ್ಲ ಹೊತ್ತಿ ಉರಿದಾಗ, ಗೋದ್ರೆಜ್ ತಿಜೋರಿಗಳೊಳಗಣ ಕಾಗದಪತ್ರಗಳು ಸುಡದೆ ಉಳಿದುವೆಂದು ಸಂಸ್ಥೆಯ ಚರಿತ್ರೆಯಲ್ಲಿ ಹೇಳಿದೆ. ಅಂಗಡಿಯಲ್ಲಿ ನಡೆಸಲಾಗದ ಪರೀಕ್ಷೆಯನ್ನು ಒಂದು ದುರಂತ ನಡೆಸಿಕೊಟ್ಟಿತು. ಬಟ್ಟೆಬರೆಗಳನ್ನಿಡುವ ಉಕ್ಕಿನ ಬೀರು 1923ರಿಂದ ತಯಾರಾಗತೊಡಗಿತು. ತಿಜೋರಿಯ ಕೀರ್ತಿ ಬೀರುವಿಗೂ ಹರಿದುಬಂದಿತೆಂದು ಊಹಿಸುವುದು ತಪ್ಪಾಗಲಾರದು.

ಸಾಬೂನಿನ ವಿಷಯದಲ್ಲಿ ವಿಶ್ವಾಸದ ಪ್ರಶ್ನೆ ಬೇರೊಂದು ರೂಪ ತಾಳಿತು. ಕೊಬ್ಬು ಅಥವಾ ಎಣ್ಣೆಯನ್ನು ಕ್ಷಾರದೊಡನೆ ಕುದಿಸಿದಾಗ ಸಾಬೂನೂ ಗ್ಲಿಸರಿನ್ನೂ ಉಂಟಾಗುತ್ತವೆ. ಪಾಶ್ಚಾತ್ಯ ಕಾರ್ಖಾನೆಗಳು ದನ ಮೊದಲಾದ ಪ್ರಾಣಿಗಳ ಕೊಬ್ಬನ್ನು ಧಾರಾಳವಾಗಿ ಬಳಸುತ್ತಿದ್ದುವು; ಅದರಿಂದ ಬಿಲ್ಲೆ ಗಟ್ಟಿಯಾಗಿ ಬಾಳಿಕೆ ಬರುತ್ತದೆ. ತೆಂಗಿನೆಣ್ಣೆಯ ಸಾಬೂನು ಹೇರಳವಾಗಿ ನೊರೆ ಕೊಡುತ್ತದೆಯಾದರೂ ಬೇಗ ಕರಗುತ್ತದೆ. ಆದುದರಿಂದ ಪ್ರಾಣಿಕೊಬ್ಬಿಲ್ಲದೆ ಒಳ್ಳೆಯ ಬಿಲ್ಲೆಯನ್ನು ಪಡೆಯಲು ಬೇರೆ ಬೇರೆ ಎಣ್ಣೆಗಳ ಪ್ರಮಾಣವನ್ನು ನಿಷ್ಕರ್ಷಿಸುವ ಪ್ರಯೋಗಗಳು ಅಗತ್ಯವಾಗಿದ್ದುವು. ಮಡಿ, ಆಹಾರನಿಯಮಗಳನ್ನು ಪಾಲಿಸುವ ಸಮಾಜದಲ್ಲಿ ಇದರ ಮಹತ್ತ್ವ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ. ಮೊದಲನೆಯ ಮಹಾಯುದ್ಧದ ಕೊನೆಯ ವೇಳೆಗೆ ಅರ್ದೇಶಿರರು ಕೇವಲ ಸಸ್ಯಜನ್ಯ ಎಣ್ಣೆಗಳಿಂದ ಸಾಬೂನು ತಯಾರಿಸುವುದರಲ್ಲಿ ಸಫಲರಾದರು. ಮೊದಲ ಸಾಬೂನಿಗೆ ‘ಚಾವಿ’ ಎಂದೇ ಹೆಸರಿಟ್ಟುದು ಬೀಗದ ಕೀರ್ತಿಯನ್ನು ಸಾಬೂನಿಗೆ ಸಾಗಿಸುವ ಯತ್ನವೆಂಬುದು ಸ್ಪಷ್ಟ. ಮುಂದೆ ರವೀಂದ್ರನಾಥ ಠಾಕೂರರು ಈ ಸಾಬೂನನ್ನು ಪ್ರಶಂಸಿಸಿ ಬರೆದ ಮಾತುಗಳು ಜಾಹೀರಾತುಗಳಲ್ಲಿ ಪ್ರಕಟವಾದುವು. ಸರಿಸುಮಾರು ಅದೇ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ಸಾಬೂನು ಕಾರ್ಖಾನೆಯೂ ತಲೆಯೆತ್ತಿತೆಂಬುದನ್ನು ನಮ್ಮ ವಾಚಕರು ಸ್ಮರಿಸಬಹುದು.

ಅರ್ದೇಶಿರರು ರಾಷ್ಟ್ರೀಯ ಆಂದೋಲನದ ಬೆಂಬಲಿಗರು; 1921ರಲ್ಲಿ ತಿಲಕ್ ಸ್ವರಾಜ್ಯ ನಿಧಿಗೆ 3 ಲಕ್ಷ ರೂಪಾಯಿಗಳನ್ನು ಕೊಟ್ಟರು. ಹಾಗಿದ್ದರೂ, ಸ್ವದೇಶಿ ಎಂಬ ಒಂದೇ ಕಾರಣಕ್ಕಾಗಿ ಜನರು ಕಳಪೆ ಸರಕನ್ನು ಸಹಿಸಿಕೊಳ್ಳಬೇಕೆಂಬ ಮತ ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಅಭಿಮಾನವು ಗಿರಾಕಿಯನ್ನು ಒಮ್ಮೆ ಅಂಗಡಿಗೆ ತರಬಹುದು. ಎರಡನೆಯ ಸಲ ಅವನನ್ನು ತರಬೇಕಾದುದು ಸರಕೇ.

ಅರ್ದೇಶಿರರ ತಮ್ಮ ಪಿರೋಜ್‌ಶಾ (1882–1972) ಅವರ ಕಾಲದಲ್ಲಿ ಸಂಸ್ಥೆ ವಿಸ್ತಾರಗೊಂಡಿತು. 1940ರ ದಶಕದಲ್ಲಿ ಮುಂಬಯಿಯ ಹೊರವಲಯವಾಗಿದ್ದ ವಿಕ್ರೋಲಿಯಲ್ಲಿ ಅವರು ವಿಶಾಲವಾದ ಭೂಮಿಯನ್ನು ಕೊಂಡರು. ಅಲ್ಲಿಯ ಕಾರ್ಖಾನೆಗೆ ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಯ ಕೆಲಸ ಬಂದಿತು. 1951–52ರ ಆ ಚುನಾವಣೆಯಲ್ಲಿ ಮತದಾರರ ಸಂಖ್ಯೆ 17 ಕೋಟಿಗೂ ಮಿಗಿಲಾಗಿದ್ದಿತು. ಅವರಲ್ಲಿ ಬಹುಮಂದಿ ಅನಕ್ಷರಸ್ಥರು. ಆದಕಾರಣ ಪ್ರತಿಯೊಬ್ಬ ಅಭ್ಯರ್ಥಿಗೂ ಅವನ ಚಿಹ್ನೆಯನ್ನು ಹೊತ್ತ ಪ್ರತ್ಯೇಕ ಪೆಟ್ಟಿಗೆಯನ್ನಿಡುವ ಕ್ರಮವನ್ನು ಅನುಸರಿಸಲಾಯಿತು. ದೇಶಕ್ಕೆ ಬೇಕಾದ ಸುಮಾರು 25 ಲಕ್ಷ ಪೆಟ್ಟಿಗೆಗಳಲ್ಲಿ 12 ಲಕ್ಷಕ್ಕೂ ಹೆಚ್ಚಿನವು ಈ ಕಾರ್ಖಾನೆಯಲ್ಲಿ ತಯಾರಾದುವು. ಹೊರಗಿನ ಬೀಗದಿಂದ ಬೆಲೆ ಏರುವುದನ್ನು ತಪ್ಪಿಸಲು ಪೆಟ್ಟಿಗೆಯೊಳಗೇ ಅಗುಳಿಯನ್ನು ಅಳವಡಿಸಲಾಯಿತು. ಮನೆಯ ಒಡವೆಯನ್ನು ಕಾಯುತ್ತಿದ್ದ ವಿದ್ಯೆಯೇ ಪ್ರಜೆಯ ಮತವನ್ನು ಕಾಯುವ ಕೆಲಸಕ್ಕೆ ಒದಗಿತು.

1955ರಲ್ಲಿ ಬೆರಳಚ್ಚು ಯಂತ್ರವೂ 1958ರಲ್ಲಿ ಮನೆಬಳಕೆಯ ರೆಫ್ರಿಜಿರೇಟರೂ ಹೊರಬಂದುವು. ನೂತನ ಕಲ್ಪನೆಗಳೆಲ್ಲ ಸಫಲವಾದುವೆಂದು ಭಾವಿಸಬಾರದು. ಗಣಕಯಂತ್ರದ ಪ್ರಚಾರದಿಂದ ಬೆರಳಚ್ಚು ಯಂತ್ರದ ತಯಾರಿಕೆ 2009ರ ಸುಮಾರಿಗೆ ನಿಂತುಹೋಯಿತು. ಅದೇ ಕಾಲಕ್ಕೆ, ವಿದ್ಯುತ್ತಿನ ಕೊರತೆಯಿರುವ ಹಳ್ಳಿಗಳಿಗಾಗಿ ‘ಛೋಟುಕೂಲ್’ ಎಂಬ ಸಣ್ಣ ತಂಪುಪೆಟ್ಟಿಗೆಯನ್ನು ರೂಪಿಸಲಾಯಿತು. ಕಂಪ್ರೆಸರಿಲ್ಲದೆ, ಬ್ಯಾಟರಿಯಿಂದಲೂ ನಡೆಯಬಲ್ಲ ಅದರ ರಚನೆ ತಜ್ಞರ ಮೆಚ್ಚುಗೆ ಪಡೆಯಿತು. ಆದರೆ ಯಾರಿಗಾಗಿ ಅದನ್ನು ಮಾಡಿದರೋ ಆ ಬಡಮನೆಗಳನ್ನು ಅದು ನಿರೀಕ್ಷಿಸಿದಷ್ಟು ಮುಟ್ಟಲಿಲ್ಲ. ತಂತ್ರದ ಜಾಣ್ಮೆಯೂ ಗಿರಾಕಿಯ ಅಗತ್ಯವೂ ಕೂಡಿಬರುವುದು ಎಷ್ಟು ದುಸ್ತರವೆಂಬುದಕ್ಕೆ ಇದು ನಿದರ್ಶನ.

ಸಮಾಜದೊಡನೆ ಸಂಸ್ಥೆಯ ಸಂಬಂಧವನ್ನು ವಿಕ್ರೋಲಿಯಲ್ಲಿಯೇ ನೋಡಬೇಕು. ಅಲ್ಲಿ ಕೆಲಸಗಾರರಿಗೆ ವಸತಿಗಳನ್ನು ಕಟ್ಟಿದುದಲ್ಲದೆ 1955ರಲ್ಲಿ ಉದಯಾಚಲ ಶಾಲೆಯನ್ನು ತೆರೆಯಲಾಯಿತು. ಠಾಣೆ ಕೊಲ್ಲಿಯ ಅಂಚಿನ ಕಾಂಡ್ಲಾ ಕಾಡನ್ನು ಕಡಿದು ಮಾರದೆ ಉಳಿಸಿಕೊಂಡದ್ದು ಇನ್ನೂ ಹೆಚ್ಚಿನ ಸಂಗತಿ. ಅದರ ಅಧ್ಯಯನ ಮತ್ತು ರಕ್ಷಣೆಗಾಗಿ 1985ರಲ್ಲಿ ಒಂದು ಕೇಂದ್ರವನ್ನು ಸ್ಥಾಪಿಸಲಾಯಿತು. ಕಾಂಡ್ಲಾ ಮರಗಳ ಬೇರುಗಳು ಹೂಳನ್ನು ಹಿಡಿದು ದಡವನ್ನು ಕಾಯುತ್ತವೆ, ಅಲೆಯ ವೇಗವನ್ನು ತಗ್ಗಿಸುತ್ತವೆ, ಮೀನು ಸೀಗಡಿಗಳ ಮರಿಗಳಿಗೆ ಆಶ್ರಯ ಕೊಡುತ್ತವೆ. ಅಂಗುಲ ಅಂಗುಲವೂ ಚಿನ್ನದ ಬೆಲೆಗೆ ಮಾರಾಟವಾಗುವ ನಗರದಲ್ಲಿ ಇಂಥ ಸಂಯಮ ಅಪರೂಪವೆಂದೇ ಹೇಳಬೇಕು.

ಆದರೂ ನಿಷ್ಪಕ್ಷಪಾತ ದೃಷ್ಟಿಯುಳ್ಳ ಅಭ್ಯಾಸಿಯು ಇಲ್ಲಿ ಒಂದು ಪ್ರಶ್ನೆಯನ್ನು ಕೇಳಲೇಬೇಕಾಗುತ್ತದೆ. ಇಷ್ಟು ದೊಡ್ಡ ಭೂಭಾಗದ ಭವಿಷ್ಯ ಒಂದು ಮನೆತನದ ಸದ್ಬುದ್ಧಿಯನ್ನು ಅವಲಂಬಿಸಿರುವುದು ಎಷ್ಟರಮಟ್ಟಿಗೆ ಕ್ಷೇಮ? ಮುಂಬಯಿ–ಅಹಮದಾಬಾದ್ ಅತಿವೇಗದ ರೈಲುಮಾರ್ಗಕ್ಕಾಗಿ ವಿಕ್ರೋಲಿಯ ಭೂಮಿಯ ಒಂದು ಭಾಗವನ್ನು ಸರ್ಕಾರ ಸ್ವಾಧೀನಪಡಿಸಿಕೊಳ್ಳಲು ಮುಂದಾದಾಗ ಸಂಸ್ಥೆ ನ್ಯಾಯಾಲಯದ ಮೊರೆಹೊಕ್ಕಿತು. 2023ರ ಫೆಬ್ರವರಿಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಸಾರ್ವಜನಿಕ ಹಿತಕ್ಕೇ ಪ್ರಾಶಸ್ತ್ಯವಿತ್ತು ಆ ಅರ್ಜಿಯನ್ನು ವಜಾಮಾಡಿತು. ಖಾಸಗಿ ಒಡೆತನದಿಂದ ಕಾಡು ಉಳಿಯಿತೆಂಬುದೂ ನಿಜ, ಖಾಸಗಿ ಒಡೆತನ ಸಾರ್ವಜನಿಕ ಅಗತ್ಯಕ್ಕೆ ಎದುರಾಗಿ ನಿಂತಿತೆಂಬುದೂ ನಿಜ. ಔದಾರ್ಯವನ್ನು ಶ್ಲಾಘಿಸುವಾಗ ಹಕ್ಕಿನ ಪ್ರಶ್ನೆಯನ್ನು ಮರೆಯುವಂತಿಲ್ಲ.

2024ರ ಏಪ್ರಿಲ್ ಕೊನೆಯಲ್ಲಿ ಮನೆತನದ ಉದ್ಯಮಗಳ ವಿಭಜನೆ ಘೋಷಿತವಾಯಿತು. ಬೀಗ, ತಿಜೋರಿ, ಬೀರು, ರೆಫ್ರಿಜಿರೇಟರುಗಳ ಕಂಪನಿಯೂ ವಿಕ್ರೋಲಿಯ ಬಹುಪಾಲು ಭೂಮಿಯೂ ಒಂದು ಶಾಖೆಗೆ ಬಂದುವು. ಸಾಬೂನು ಮೊದಲಾದ ಉದ್ಯಮಗಳು ಇನ್ನೊಂದಕ್ಕೆ ಸೇರಿದುವು. ಹೆಸರನ್ನು ಮಾತ್ರ ಎರಡು ಶಾಖೆಗಳೂ ಬಳಸಿಕೊಳ್ಳುತ್ತವೆ. ಬೀಗದ ಕೀರ್ತಿಯನ್ನು ಸಾಬೂನಿಗೆ ಸಾಗಿಸಿದ್ದ ಹೆಸರು ಇದೇ. ಇನ್ನು ಮುಂದೆ ಒಂದು ಶಾಖೆಯ ಸರಕು ಕೆಟ್ಟರೆ ಇನ್ನೊಂದರ ಹೆಸರಿಗೂ ಕುಂದು ತಟ್ಟಬಹುದು. ಆದರೆ ಅದನ್ನು ತಿದ್ದುವ ಅಧಿಕಾರ ಆ ಇನ್ನೊಂದಕ್ಕಿಲ್ಲ. ಹಂಚಿಹೋದ ಸಂಸ್ಥೆಗಳಲ್ಲಿ ಹಂಚಲಾಗದ ಹೆಸರೊಂದು ಹೇಗೆ ಬಾಳುತ್ತದೆ ಎಂಬುದು ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳು ಬರುವ ವರ್ಷಗಳಲ್ಲಿ ಎಚ್ಚರದಿಂದ ಗಮನಿಸಬೇಕಾದ ವಿಷಯ. ಅಂಥ ಅಧ್ಯಯನಕ್ಕೆ ಸಂಸ್ಥೆಗಳೇ ಬರೆಸಿದ ಚರಿತ್ರೆಗಳ ಜೊತೆಗೆ, ಬೀರುವನ್ನು ಕೊಂಡು ಮೂರು ತಲೆಮಾರು ಬಳಸಿದ ಮನೆಗಳ ಅನುಭವವನ್ನೂ ಸಂಗ್ರಹಿಸಿದರೆ ಉಪಯುಕ್ತವಾದೀತು.